ಹರಾಜಿನ ಹೊತ್ತಿಗೆ ಫೋನ್ ಮಾಡದ ಮುನ್ನೀ

ರಾಮನಗರದ ಹಳೆಯ ಬೀದಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ತಗಡಿನ ಶೀಟಿನ ಕೆಳಗೆ ನೀರು ಕುದಿಯುತ್ತಿದೆ, ಅದರಲ್ಲಿ ರೇಷ್ಮೆಗೂಡುಗಳು ತೇಲಿ ಮಗುಚುತ್ತಿವೆ. ಮುನ್ನೀ ಬಿಸಿನೀರಿಗೇ ಬೆರಳಿಟ್ಟು ಎಳೆಗಳನ್ನು ಹುಡುಕಿ, ಒಟ್ಟು ಸೇರಿಸಿ ರಾಟೆಗೆ ಹಚ್ಚುತ್ತಾರೆ. ಬೆರಳ ತುದಿಗಳು ಬೆಂದು ಬಿಳಿಚಿಕೊಂಡಿವೆ. ಹುಳುವಿನ ವಾಸನೆ ಹೊಸಬರು ತಡೆದುಕೊಳ್ಳುವಂಥದ್ದಲ್ಲ.

"ಮೂಗು ಮುಚ್ಕೊಳಿ ಮೇಡಂ, ನಾಚ್ಕೋಬೇಡಿ. ಒಸಿ ಹೊತ್ಗೆ ಅಭ್ಯಾಸ ಆಯ್ತದೆ," ಎಂದು ಅವರ ಬಗ್ಗೆ ಬರೆಯಲು ಬಂದ ನನ್ನನ್ನು ನೋಡಿ ನಗುತ್ತಾರೆ.

ಹುಡುಗಿಯಾಗಿದ್ದಾಗಿನಿಂದ ನೂಲು ಬಿಚ್ಚುತ್ತಿರುವ ಕೈ ಅದು. ಯಾರದೋ ಮದುವೆಯ ಸೀರೆಯಲ್ಲಿ ಈ ಎಳೆ ಇರುತ್ತದೆ, ಮುನ್ನೀ ಹೆಸರು ಇರುವುದಿಲ್ಲ. ಆದರೆ ಅವರು ಯಾರ ಕಣ್ಣಿಗೂ ಬೀಳದಂತೆ ಮಾಡಿದ ಇನ್ನೊಂದು ಕೆಲಸವಿದೆ. ಅದು ಅವರ ಎದೆಯೊಳಗಿನದು.

ಗೂಡು ಕೊಳ್ಳುವುದು ಗಂಡ ಸಮದ್ ಅವರ ಪಾಲಿನ ಕೆಲಸ. ಮಾರುಕಟ್ಟೆಯಲ್ಲಿ ಹರಾಜು ಈಗ ಮೊಬೈಲಿನಲ್ಲೇ ನಡೆಯುತ್ತದೆ. ಲಾಟು ಎಂದು ಕರೆಯುವ ಒಂದೊಂದು ರಾಶಿ ಗೂಡನ್ನೂ ನೋಡಿ, ಹೊತ್ತು ಮೀರುವುದರೊಳಗೆ ಫೋನಿನಲ್ಲಿ ಬೆಲೆ ಒತ್ತಬೇಕು. ಇತ್ತ ಮುನ್ನೀಗೆ ಗಂಡ ಕಣ್ಣಿಗೆ ಕಾಣದಿದ್ದರೆ ಎದೆ ಹೊಡೆದುಕೊಳ್ಳುತ್ತಿತ್ತು. ಎಲ್ಲಿದ್ದೀರಿ, ಯಾಕೆ ಎತ್ತಲಿಲ್ಲ, ನನ್ನ ಮೇಲೆ ಕೋಪವಾ ಎಂದು ಕರೆಯ ಹಿಂದೆ ಕರೆ. ಕಳೆದ ವರ್ಷ ಒಂದು ದಿನ, ಸಮದ್ ಬೆಲೆ ಒತ್ತುವ ಗಳಿಗೆಗೇ ಪರದೆಯ ತುಂಬ ಮುನ್ನೀ ಹೆಸರು ಬಂದು ಕೂತಿತು. ಲಾಟು ಬೇರೆಯವರ ಪಾಲಾಯಿತು, ಗೂಡಿಲ್ಲದೆ ಅಂದು ನೂಲು ಬಿಚ್ಚುವ ಒಲೆ ಹೊತ್ತಲಿಲ್ಲ. ಸಮದ್ ಒಂದು ಮಾತೂ ಆಡದೆ ಫೋನ್ ಆಫ್ ಮಾಡಿ ಚನ್ನಪಟ್ಟಣದ ಅಣ್ಣನ ಮನೆಗೆ ಹೊರಟುಹೋದರು. ವಾರ ಕಳೆದರೂ ಬರಲಿಲ್ಲ.

"ಬಯ್ದಿದ್ರೆ ಚೆಂದಾಗಿತ್ತು. ಆವಪ್ಪ ಬಾಯ್ಗೆ ಬೀಗ ಹಾಕ್ಕೊಂಬುಟ್ಟ, ಇವ್ಳು ಅನ್ನ ಬುಟ್ಟು ಕೂತ್ಳು," ಎನ್ನುತ್ತಾರೆ ಪಕ್ಕದ ಒಲೆಯ ಹಿರಿಯಾಕೆ ಅಖ್ತರಿ. ಮುನ್ನೀಯನ್ನು ಕೈಹಿಡಿದು ಸೌಮ್ಯ ಅವರ ಬಳಿಗೆ ಕರೆದೊಯ್ದದ್ದು ಇವರೇ.

ಸೌಮ್ಯ ಆಪ್ತ ಸಮಾಲೋಚಕಿ. ಬೀದಿಯ ಹೆಂಗಸರ ಸಂಘಕ್ಕೆ ಆಗಾಗ ಬರುತ್ತಾರೆ. "ಚಿಕ್ಕಂದಿನಲ್ಲಿ ನಮ್ಮನ್ನು ಸಾಕಿದವರನ್ನು ಎಷ್ಟು ನೆಚ್ಚಿಕೊಳ್ಳಬಹುದಿತ್ತು ಎನ್ನುವುದರ ಗುರುತು ದೊಡ್ಡವರಾದ ಮೇಲೂ ಉಳಿಯುತ್ತೆ," ಎಂದು ಅವರು ವಿವರಿಸುತ್ತಾರೆ. "ಕೆಲವರು ಬಿಟ್ಟುಹೋಗ್ತಾರೇನೋ ಅಂತ ಬಿಗಿಯಾಗಿ ಹಿಡೀತಾರೆ. ಕೆಲವರು ಹಿಡಿದಷ್ಟೂ ದೂರ ಸರೀತಾರೆ. ಇಬ್ಬರಿಗೂ ನೆಮ್ಮದಿ ಇಲ್ಲ. ನಿದ್ದೆ, ಹಸಿವು, ಕೆಲಸ ಎಲ್ಲ ಕೆಡುತ್ತೆ. ಆದ್ರೆ ಇದು ಬದಲಾಗದ ಹಣೆಬರಹ ಅಲ್ಲ."

ಮುನ್ನೀ ಸಾತನೂರಿನಲ್ಲಿ ಅಜ್ಜಿಯ ಬಳಿ ಬೆಳೆದವರು. "ಸಂಜೆ ಬತ್ತೀನಿ ಅಂತ ಅಮ್ಮ ರಾಮನಗರದ ಬಸ್ ಹತ್ತುದ್ರು. ಯಾವ ಸಂಜೆ ಅಂತ ಹೇಳ್ಲಿಲ್ಲ," ಎನ್ನುತ್ತಾ ಎಳೆಯೊಂದನ್ನು ಹುಡುಕುತ್ತಾರೆ. ಸಮದ್ ಬೆಳೆದ ಮನೆಯಲ್ಲಿ ಅತ್ತರೆ ಏಟು ಬೀಳುತ್ತಿತ್ತು. ಸುಮ್ಮನಿರುವುದೊಂದೇ ಅವರಿಗೆ ಗೊತ್ತಿದ್ದ ಉಪಾಯ.

ಸೌಮ್ಯ ಫೋನಿನಲ್ಲಿ ಮಾತಾಡಿದ ಮೇಲೆ ಸಮದ್ ಚನ್ನಪಟ್ಟಣದಿಂದ ಬಂದರು. ಗಂಡ ಹೆಂಡತಿ ಇಬ್ಬರೂ ಸೌಮ್ಯ ಅವರ ಮುಂದೆ ಕೂತು ಒಪ್ಪಂದಕ್ಕೆ ಬಂದರು. ಹರಾಜಿಗೆ ಮುಂಚೆ ಮತ್ತು ಗೂಡು ಕೈಗೆ ಬಂದ ಮೇಲೆ ಸಮದ್ ತಾವಾಗಿಯೇ ಕರೆ ಮಾಡಬೇಕು. ಕೋಪ ಬಂದರೂ ಫೋನ್ ಆಫ್ ಮಾಡಬಾರದು. ನಡುವೆ ಮುನ್ನೀ ಕರೆ ಮಾಡಬಾರದು.

"ಈ ಬಿಸ್ನೀರಲ್ಲಿ ಕೈ ಇಡೋದು ಏನೂ ಅಲ್ಲ ಮೇಡಂ. ಫೋನ್ ಮಾಡ್ದಲೇ ಇರೋದೈತಲ್ಲ, ಅದು ಕಷ್ಟ. ಆದ್ರೆ ಹೇಳ್ದಂಗೇ ಮಾಡುದ್ರು ಅವ್ರು, ದಿನಾ. ಹಂಗೇ ಧೈರ್ಯ ಬಂತು."

ಬಿಸಿಲೇರುವ ಹೊತ್ತಿಗೆ ಫೋನ್ ರಿಂಗಾಗುತ್ತದೆ. "ಹರಾಜು ಶುರು ಆಯ್ತದೆ. ಮುಗುದ್ಮೇಲೆ ಮಾಡ್ತೀನಿ," ಎನ್ನುತ್ತದೆ ಸಮದ್ ದನಿ. "ಹೂಂ, ನೋಡ್ಕೊಂಡು ಒತ್ತಿ," ಎಂದು ಮುನ್ನೀ ಫೋನ್ ಇಡುತ್ತಾರೆ. ಇದ್ದ ಗೂಡು ಮುಗಿಯುತ್ತದೆ. ಕೈ ತೊಳೆದು, ಗೋಡೆಗೊರಗಿ ಕಾಲು ಚಾಚುತ್ತಾರೆ. ಮಾತಿನ ನಡುವೆಯೇ ಕತ್ತು ವಾಲುತ್ತದೆ.

ಮತ್ತೆ ಫೋನ್ ರಿಂಗಾಗುತ್ತದೆ. ಅವರಿಗೆ ಎಚ್ಚರವಿಲ್ಲ. ಎಬ್ಬಿಸಲು ನನಗೆ ಮನಸ್ಸು ಬಾರದು. ಅಖ್ತರಿಯೂ ತುಟಿಗೆ ಬೆರಳಿಡುತ್ತಾರೆ: "ಮಲಗ್ಲಿ ಬುಡಿ." ಕರೆ ನಿಲ್ಲುತ್ತದೆ, ಪುನಃ ಬರುತ್ತದೆ, ಪುನಃ ನಿಲ್ಲುತ್ತದೆ.

ಕೊನೆಗೆ ಗೂಡಿನ ಚೀಲ ಹೇರಿದ ಆಟೋ ಬಾಗಿಲಲ್ಲಿ ನಿಲ್ಲುತ್ತದೆ. ಚೀಲ ಇಳಿಸುವುದನ್ನೂ ಮರೆತು ಸಮದ್ ಏದುಸಿರು ಬಿಡುತ್ತಾ ಒಳಗೆ ನುಗ್ಗುತ್ತಾರೆ. "ಮುನ್ನೀ! ಏನಾಯ್ತು? ಎಷ್ಟ್ ಸಲ ಮಾಡ್ದೆ, ಯಾಕೆ ಎತ್ತಲಿಲ್ಲ?"

"ಎತ್ತದೆ ಇದ್ರೆ ಹೆಂಗಾಯ್ತದೆ ಅಂತ ಗೊತ್ತಾಯ್ತಾ ಅಪ್ಪಯ್ಯ?" ಅಖ್ತರಿ ಬಿಡುವವರಲ್ಲ. "ಅವ್ಳೇನೂ ಅಣ್ಣನ ಮನೆಗೆ ಹೋಗಿಲ್ಲ. ಇಲ್ಲೇ ಗೊರಕೆ ಹೊಡೀತಾವ್ಳೆ."

ಸಮದ್ ಹೊಸ್ತಿಲಲ್ಲೇ ಕುಸಿದು ಕೂತು ನಗುತ್ತಾರೆ. ಮುನ್ನೀ ಗಾಬರಿಯಿಂದ ಎದ್ದು, ಗಂಡನನ್ನು, ಫೋನನ್ನು, ಮತ್ತೆ ಗಂಡನನ್ನು ನೋಡಿ, ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗುತ್ತಾರೆ.

"ಅವ್ರು ಆಚೆ ಇದ್ದಾಗ ನಂಗೆ ನಿದ್ದೆ ಬಂದಿದ್ದು ಇದೇ ಮೊದ್ಲು ಮೇಡಂ. ಬೇರೇದೆಲ್ಲ ಬುಡಿ, ಇದನ್ನ ಬರ್ಕೊಳಿ."