ಒಂದೂವರೆ ಕೆಜಿಯ ಹುಡುಗಿ

ಕರೆಂಟು ಹೋಗಬಹುದಿತ್ತು, ಜನರೇಟರು ಕೈಕೊಡಬಹುದಿತ್ತು. ಕ್ರಿಮಿ ಕೊಲ್ಲುವ ಆಟೋಕ್ಲೇವಿನಲ್ಲಿ ಆವಿ ಸಾಲದೆ ಬಟ್ಟೆಗಳು ಬರೀ ಬೆಚ್ಚಗಾಗಿ ಹೊರಬರಬಹುದಿತ್ತು. ಸೂಜಿಯ ಪೊಟ್ಟಣ ಹರಿದಿರಬಹುದಿತ್ತು, ಗ್ಲೂಕೋಸಿನಲ್ಲಿ ಬೂಷ್ಟು ತೇಲಬಹುದಿತ್ತು, ನೀರಿನ ಟ್ಯಾಂಕಿಗೆ ಪಾರಿವಾಳ ಬಿದ್ದಿರಬಹುದಿತ್ತು, ಮೊಮ್ಮಗು ನೋಡಲು ಬಂದ ಅಜ್ಜಿ ಚಪ್ಪಲಿ ಸಮೇತ ಒಳನುಗ್ಗಬಹುದಿತ್ತು. ತೊಂಬತ್ತರ ದಶಕದಲ್ಲಿ ಚಂದಾಪುರದ ಸಣ್ಣ ನರ್ಸಿಂಗ್ ಹೋಮೊಂದರ ಹಸುಗೂಸುಗಳ ಕೋಣೆ ನನ್ನ ಸುಪರ್ದಿಯಲ್ಲಿತ್ತು. ಇಷ್ಟನ್ನೂ ದಿನಾ ಕಾಫಿಗೆ ಮೊದಲೇ ನೆನೆದು ಹೆದರಿ ಮುಗಿಸುತ್ತಿದ್ದೆ.

ಆಗ ಕಿಟಕಿ ಪಕ್ಕದ ತೊಟ್ಟಿಲಲ್ಲಿ, ದಿನ ತುಂಬುವ ಮೊದಲೇ ಹುಟ್ಟಿದ ಒಂದೂವರೆ ಕೆಜಿಯ ಹೆಣ್ಣುಮಗುವಿತ್ತು. ತಂದೆತಾಯಿ ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಅದನ್ನು ಮುಟ್ಟುವ ಮುನ್ನ ಉಳಿದವರು ಒಂದು ಸಲ ಕೈ ತೊಳೆದರೆ ನಾನು ಎರಡು ಸಲ.

"ಅಕ್ಕ, ಸ್ವಲ್ಪ ಚರ್ಮ ಉಳಿಸ್ಕೊಳ್ಳಿ, ಮನೇಗೆ ಹಾಕ್ಕೊಂಡು ಹೋಗಕ್ಕೆ ಬೇಕಾಗತ್ತೆ," ಎಂದು ಜೊತೆಯ ಸಿಸ್ಟರ್ ರೇಗಿಸುತ್ತಿದ್ದಳು.

ಹದಿನೈದನೆಯ ದಿನ ಮಗು ಹಾಲು ಕುಡಿಯುವುದನ್ನು ಬಿಟ್ಟಿತು, ಮೈ ತಣ್ಣಗಾಯಿತು. ಡಾಕ್ಟರಮ್ಮ ರಕ್ತವನ್ನು ಪರೀಕ್ಷೆಗೆ ಕಳಿಸಿ, ಕೋಣೆಯ ಸಾಮಾನನ್ನೆಲ್ಲ ಒಂದೊಂದಾಗಿ ನೋಡಿದರು. ಆಟೋಕ್ಲೇವ್, ಸೂಜಿ, ಗ್ಲೂಕೋಸು, ಎಲ್ಲ ಸರಿಯಾಗಿದ್ದವು. ನಾನು ಒಳಗೊಳಗೇ ಸ್ವಲ್ಪ ಬೀಗಿದೆ ಕೂಡ. ಕಡೆಗೆ ಅವರು ಸಿಂಕಿನ ಬಳಿ ನಿಂತರು.

"ಈ ಕೈ ತೊಳೆಯೋ ಲೋಷನ್ ಬಾಟ್ಲಿ ಕೊನೇ ಸಲ ಖಾಲಿಯಾಗಿದ್ದು ಯಾವಾಗ ಸಿಸ್ಟರ್?"

"ಖಾಲಿಯಾಗಕ್ಕೆ ನಾನು ಬಿಡೋದೇ ಇಲ್ಲ ಮೇಡಂ. ಎರಡು ಬೆರಳಷ್ಟು ಉಳಿದ ಕೂಡ್ಲೆ ತುಂಬಿಸ್ಬಿಡ್ತೀನಿ."

ಅವರು ಅದರಿಂದಲೂ ಒಂದಿಷ್ಟನ್ನು ಪರೀಕ್ಷೆಗೆ ಕಳಿಸಿದರು.

ಮರುದಿನ ಮಗು ತೀರಿಕೊಂಡಿತು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟ ತಾಯಿ ನನ್ನ ಮುಂದೆ ನಿಂತಳು. "ನೀವಾರ ಛಲೋ ನೋಡ್ಕೊಂಡ್ರಿ ಅಕ್ಕಾರ. ಮುಟ್ಟೂ ಮುಂದ ಎರಡೆರಡು ಸರ್ತಿ ಕೈ ತೊಳೀತಿದ್ರಿ."

ಎರಡು ದಿನ ಬಿಟ್ಟು ವರದಿ ಬಂತು. ರಕ್ತದಲ್ಲೂ ಲೋಷನ್ನಿನಲ್ಲೂ ಒಂದೇ ಕ್ರಿಮಿ.

"ಹಾಲಿಗೆ ಹೆಪ್ಪು ಹಾಕಿದ ಹಾಗಾಗಿದೆ," ಎಂದರು ಡಾಕ್ಟರಮ್ಮ. "ಕ್ರಿಮಿ ಹಿಡಿದ ಹಳೇದು ತಳದಲ್ಲಿತ್ತು. ನೀವು ಅದರ ಮೇಲೇ ಹೊಸದು ಸುರೀತಾ ಬಂದ್ರಿ."

ಆ ತಾಯಿಯ ಶೆಡ್ಡಿಗೆ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಏನು ಹೇಳಲಿ? ನಮ್ಮ ಮನೆಯಲ್ಲಿ ಅಕ್ಕಿ ಡಬ್ಬಿ, ಉಪ್ಪಿನ ಭರಣಿ ಬರಿದಾಗಬಾರದು, ಹಿಡಿಯಷ್ಟು ಉಳಿದಿರುವಾಗಲೇ ಮೇಲೆ ಹೊಸದು ಹಾಕಬೇಕು, ನನ್ನ ಕೈಗೆ ಅದೇ ರೂಢಿ ಎಂದೇ? ಬಾಟಲಿಯನ್ನು ಬರಿದು ಮಾಡಿ, ತೊಳೆದು ಕುದಿಸಿ ಒಣಗಿಸಿ, ಆಮೇಲೆ ತುಂಬಿಸಬೇಕಿತ್ತು. ತಳದಲ್ಲಿ ಉಳಿದ ಎರಡು ಬೆರಳಷ್ಟನ್ನು ನಾನು ಚೆಲ್ಲಿರಲಿಲ್ಲ.