ಅಳಿಸಿದ ಮೇಲ್ ತೆಗೆದುಕೊಟ್ಟ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದ ಅವರು ಮೊದಲು ತಗಡು ಒತ್ತುವ ಪ್ರೆಸ್ ಮೆಷಿನ್ ನಡೆಸುತ್ತಿದ್ದರು. ಉಗುರು ಹೋದ ಮೇಲೆ ಆಫೀಸಿನ ಕಂಪ್ಯೂಟರ್ ಮುಂದೆ ಕೂತರು. ಯಾರಾದರೂ ಕೀಬೋರ್ಡಿನ ಪಕ್ಕ ಟೀ ಲೋಟ ಇಟ್ಟರೆ, "ಏನ್ ಗುರು, ನಿಮ್ಮತ್ತೆ ಮನೆ ಟೇಬಲ್ಲಾ?" ಎಂದು ಎಲ್ಲರೆದುರೇ ಮರ್ಯಾದೆ ತೆಗೆಯುತ್ತಿದ್ದರು.

ಇಡೀ ಆಫೀಸಿಗೆ ಒಂದೇ ಕಂಪ್ಯೂಟರ್, ಒಂದೇ ಮೇಲ್ ಐಡಿ. "ಫೋಲ್ಡರ್ ಕಂಪ್ಯಾಕ್ಟ್ ಮಾಡಲೇ?" ಎಂದು, ಅಂದರೆ ಮೇಲ್ ಫೈಲನ್ನು ಒತ್ತಿ ಚಿಕ್ಕದು ಮಾಡಲೇ ಎಂದು, ಅದು ಆಗಾಗ ಕೇಳುತ್ತಿತ್ತು. ಮಾಡಿದರೆ ಹತ್ತು ನಿಮಿಷ ಮೇಲ್ ನಿಲ್ಲುತ್ತದೆ. ಮ್ಯಾನೇಜರ್‌ಗೆ ಅಷ್ಟೂ ತಾಳ್ಮೆಯಿಲ್ಲ. "ಕ್ಯಾನ್ಸಲ್ ಒತ್ರೀ, ಕೆಲ್ಸ ನೋಡ್ರೀ!"

ಅದೇ ಆತುರದಲ್ಲಿ ಆತ ಒಂದು ಬೆಳಿಗ್ಗೆ ಫೋನಿನಿಂದ ಆಫೀಸಿಗೆ ಮೇಲ್ ಹಾಕಿದ: ಪ್ರೆಸ್ಸಿನ ಗಾರ್ಡ್ ಬಿಚ್ಚಿ ಓಡಿಸಿ, ಆರ್ಡರ್ ಇವತ್ತೇ ಹೋಗಬೇಕು. ಗಾರ್ಡ್ ಎಂದರೆ ಕೈ ಒಳಗೆ ಹೋಗದಂತೆ ತಡೆಯುವ ಜಾಲರಿ. ಶಿಫ್ಟ್ ಸೂಪರ್‌ವೈಸರ್ ನಾನು, ಬಾಯಿ ಮುಚ್ಚಿಕೊಂಡು ಬಿಚ್ಚಿಸಿದೆ. ಮಧ್ಯಾಹ್ನದೊಳಗೆ ರಾಯಚೂರಿನ ಆಪರೇಟರ್ ಒಬ್ಬರ ಎರಡು ಬೆರಳು ಹೋದವು. ಅವರನ್ನು ಆಸ್ಪತ್ರೆಗೆ ಸೇರಿಸಿ ಬರುವಷ್ಟರಲ್ಲಿ ಮ್ಯಾನೇಜರ್ ಮೇಲ್ ಅಳಿಸಿ, ಟ್ರ್ಯಾಶನ್ನೂ ಖಾಲಿ ಮಾಡಿದ್ದ. "ಗಾರ್ಡ್ ಬಿಚ್ಚಿದ್ದು ಸೂಪರ್‌ವೈಸರು. ನಾನೇನೂ ಹೇಳಿಲ್ಲ" ಎಂದ. ಥೂ! ಆ ಮುಖ ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಅಕ್ಕ ಗದರಿದರು: "ಅಳೋದು ಆಮೇಲೆ ಕಣೋ. ಡಿಲೀಟ್ ಅಂದ್ರೆ ಕಣ್ಣಿಗೆ ಕಾಣಲ್ಲ, ಅಷ್ಟೇ. ಕಂಪ್ಯಾಕ್ಟ್ ಮಾಡೋವರ್ಗೂ ಫೈಲಲ್ಲೇ ಬಿದ್ದಿರುತ್ತೆ. ಅದನ್ನ ಮಾಡೋಕೆ ಆ ಮಹಾರಾಯ ಎಲ್ಲಿ ಬಿಟ್ಟ?"

ಇನ್‌ಬಾಕ್ಸಿನ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಹುಡುಕಿದರು. ತಾರೀಖು, ಸಮಯ, ಆತನ ಹೆಸರು, ಗಾರ್ಡ್ ಬಿಚ್ಚಿ ಎಂಬ ಅಪ್ಪಣೆ, ಎಲ್ಲ ಹಾಗೇ ಇತ್ತು.

ಅದರ ಪ್ರಿಂಟನ್ನು ವಿಚಾರಣೆಗೆ ಬಂದ ಸರ್ಕಾರಿ ಅಧಿಕಾರಿಯ ಕೈಗೆ ಅಕ್ಕನೇ ಕೊಟ್ಟರು. ಆಪರೇಟರಿಗೆ ಪರಿಹಾರ ಸಿಕ್ಕಿತು, ನನ್ನ ಕೆಲಸ ಉಳಿಯಿತು. ಮ್ಯಾನೇಜರನ್ನು ಅತ್ತಿಬೆಲೆಯ ಶಾಖೆಗೆ ಕಳಿಸಿದರು. ಅಕ್ಕನನ್ನು? ಕಂಪನಿಯ ಗುಟ್ಟು ಹೊರಗೆ ಹಾಕಿದರೆಂದು ಮನೆಗೇ ಕಳಿಸಿದರು. ಎಂಥಾ ನ್ಯಾಯ!

ಟಿಫನ್ ಡಬ್ಬಿ ಹಿಡಿದು ಅವರು ಹೊರಟಾಗ ಇಡೀ ಶೆಡ್ ತಲೆ ತಗ್ಗಿಸಿತ್ತು. ಇಷ್ಟು ವರ್ಷ ಮ್ಯಾನೇಜರನ್ನು ಬೈಯುತ್ತ ಬಂದಿದ್ದೇನೆ. ಬೈಸಿಕೊಳ್ಳಬೇಕಾದವನು ಇನ್ನೊಬ್ಬನೂ ಇದ್ದಾನೆ. ಅಕ್ಕ ಒಂದು ಸಲ ನನ್ನ ಕಡೆ ನೋಡಿದರು. ನಾನು ಎದ್ದು ಅವರ ಜೊತೆ ಗೇಟಿನವರೆಗೂ ಹೋಗಲಿಲ್ಲ.