ತೆಂಗಿನ ಸುಳಿಯಲ್ಲಿ ಶಿಳ್ಳೆ ಬಾತು

ಕೂಕಟ್‌ಪಲ್ಲಿಯ ನಮ್ಮ ಮೂರನೇ ಮಹಡಿಯ ಅಡುಗೆಮನೆಗೆ ಒಂದು ತೆಂಗಿನಮರ ಎಷ್ಟು ಹತ್ತಿರವಿತ್ತೆಂದರೆ, ಹಾಲು ಕಾಯಿಸುವಾಗ ಅದರ ಗರಿ ಕಿಟಕಿಯ ಸರಳಿಗೆ ಉಜ್ಜಿ ಕರಕರ ಎನ್ನುತ್ತಿತ್ತು. ಆ ಮಳೆಗಾಲ ನನಗೆ ಯಾವ ಸದ್ದೂ ಹಿಡಿಸುತ್ತಿರಲಿಲ್ಲ. ನಿವೃತ್ತರಾದ ಯಜಮಾನರು ರಾಯಚೂರಿಗೆ ಮರಳೋಣವೆಂದು ದಿನಕ್ಕೆರಡು ಸಲ ಹೇಳುತ್ತಿದ್ದರು. ಮೊದಲು ಮಲ್ಕಾಜ್‌ಗಿರಿ, ಆಮೇಲೆ ಇಲ್ಲಿ, ಈ ತೆಲುಗು ನಗರದಲ್ಲಿ ಒಟ್ಟು ಇಪ್ಪತ್ತೆಂಟು ವರ್ಷ. ಹೂಂ ಎನ್ನಲಾಗದೆ, ಒಲ್ಲೆ ಎನ್ನಲೂ ಆಗದೆ ನಾನು ಕೋಣೆಯಿಂದ ಕೋಣೆಗೆ ಅಲೆಯುತ್ತಿದ್ದೆ.

ಕಾಯಿ ಕಾರುಗಳ ಮೇಲೆ ಬೀಳುತ್ತವೆಂದು ಅಪಾರ್ಟ್‌ಮೆಂಟಿನವರು ಮರ ಕಡಿಸಲು ಹೊರಟರು. ಬಂದವನು ಎದುರಿನ ಕಟ್ಟಡದಲ್ಲಿ ಗಾರೆ ಕೆಲಸದಲ್ಲಿದ್ದ ಯಾದಗಿರಿಯ ಮಲ್ಲಪ್ಪ. ಮೇಲೆ ಹತ್ತಿದವನು ಸೊಂಟದ ಕೊಡಲಿ ತೆಗೆಯದೆ ಇಳಿದ.

"ಅಕ್ಕಾರ, ಸುಳ್ಯಾಗ ತತ್ತಿ ಅದಾವ್ರಿ. ಬಾತು ಕುಂತೈತಿ, ಏಳವಲ್ದು."

ಶಿಳ್ಳೆ ಬಾತುಗಳು ಸಂಜೆ ಸಿಳ್ಳು ಹಾಕುತ್ತ ಹತ್ತಿರದ ಕೆರೆಗೆ ಹಾರುವುದನ್ನು ನಾನು ಬಲ್ಲೆ. ಆದರೆ ಮರಿ ಮಾಡುವುದಕ್ಕೆ ಊರಾಚೆಯ ಮರಗಳಿಗೇ ಹೋಗುತ್ತಿದ್ದವು. ಇತ್ತೀಚೆಗೆ ವರ್ಷಕ್ಕಿಷ್ಟು ಒಳಗೆ ಸರಿಯುತ್ತಿವೆ. ಹಿಂದಿನ ಬೀದಿಯವರೂ ತಮ್ಮ ಮರದಲ್ಲಿ ಗೂಡು ಕಂಡೆವೆಂದರು. ನೀವೇ ಯೋಚಿಸಿ: ಮೇಯಲು ಬರುವುದು ಬೇರೆ, ತತ್ತಿ ಇಡುವುದು ಬೇರೆ. ಮೊದಲಿನದಕ್ಕೆ ಹಸಿವೊಂದಿದ್ದರೆ ಸಾಕು. ಎರಡನೆಯದಕ್ಕೆ ಆ ಜಾಗವನ್ನು ನಂಬಬೇಕು. ನಾನು ನಂಬಿದ್ದೆನೆ?

ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯ ಬಳಿ ತೆಲುಗಿನಲ್ಲಿ ಅಂಗಲಾಚಿದೆ. ಮರಿಗಳು ಹೋದ ಮರುದಿನವೇ ಕಡಿಸುವೆನೆಂಬ ಷರತ್ತಿನ ಮೇಲೆ ಅವರು ಒಪ್ಪಿದರು.

ಒಂದು ಬೆಳಿಗ್ಗೆ ತಾಯಿ ಬಾತು ಕೆಳಗೆ ನಿಂತು ಕರೆಯತೊಡಗಿತು. ಆ ಎತ್ತರದಿಂದ ಒಂಬತ್ತು ಮರಿಗಳು ಒಂದೊಂದಾಗಿ ಧುಮುಕಿ, ಹತ್ತಿಯ ಉಂಡೆಗಳಂತೆ ಪುಟಿದು, ಎದ್ದು ನಡೆದವು. ನಾನು ಚಪ್ಪಲಿ ಮೆಟ್ಟದೆ ಓಡಿದೆ. ಮಲ್ಲಪ್ಪ ರಸ್ತೆಯ ನಡುವೆ ಕೈಚಾಚಿ ಆಟೋಗಳನ್ನು ತಡೆದ. ಕೊನೆಯ ಮರಿ ಚರಂಡಿಗೆ ಬಿತ್ತು. ಅವನು ಮಕಾಡೆ ಮಲಗಿ, ಭುಜದವರೆಗೆ ಕೈಬಿಟ್ಟು ಅದನ್ನೆತ್ತಿದ. ಒಂಬತ್ತೂ ಕೆರೆ ಸೇರಿದವು.

ಮರುದಿನ ಮರ ಉರುಳಿತು. ಕಿಟಕಿಯ ತುಂಬ ಬರಿಯ ಬಿಸಿಲು. ನಿಲ್ಲಲಾಗದೆ ಕೆಳಗಿಳಿದೆ. ಕೊಡಲಿ ಒರೆಸುತ್ತಿದ್ದ ಮಲ್ಲಪ್ಪ ತಲೆಯೆತ್ತದೆ ಹೇಳಿದ: "ಅಕ್ಕಾರ, ನನ್ನ ಹೇಣ್ತಿಗೆ ದಿನಾ ತುಂಬ್ಯಾವ್ರಿ. ತವರಾಗ ಅಕಿ ಅವ್ವ ತೀರಿಕೊಂಡಾಳ. ಬಾಣಂತನ ಇಲ್ಲೇ ಮಾಡಬೇಕಂತೀನಿ. ಆದ್ರ ಇಲ್ಲಿ ನಮಗ್ಯಾರ ಅದಾರ್ರಿ?"

"ನಾ ಇಲ್ಲೇನು? ಕರಕೊಂಡು ಬಾ," ಎಂದುಬಿಟ್ಟೆ.

ತಲೆಯೆತ್ತಿದರೆ ಬಾಲ್ಕನಿಯಲ್ಲಿ ಯಜಮಾನರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಜಗಳಕ್ಕೆ ಸಿದ್ಧಳಾಗಿಯೇ ರೊಟ್ಟಿ ಬಡಿಸಿದೆ. ಅವರು ರೊಟ್ಟಿ ಮುರಿದರು.

"ಬಾಣಂತಿಗೆ ಅಳವಿ ಬೀಜದ ಪಾಯಸ ಮಾಡಬೇಕಲ್ಲ," ಎಂದರು. "ಅಳವಿ ಇಲ್ಲೆ ಯಾವ ಅಂಗಡ್ಯಾಗ ಸಿಗತೈತಿ?"